ಕಡ್ಡಿ ಚುಚ್ಚಿ ನಿಲ್ಲಿಸಿದ ಹುಲ್ಲು

ಮಾಂಗ್ ಜುಹಾನನ ಬಾಯಲ್ಲಿ ಇಲ್ಲದ ಮಾತು ಒಂದೇ: ‘ಆಗಲ್ಲ’. ಅವನನ್ನು ಭೂಮಿಗೆ ಕಳಿಸುವಾಗ ದೇವರು ಅದನ್ನು ಕೊಡಲು ಮರೆತಿರಬೇಕು ಎಂದು ಅವನ ಹೆಂಡತಿ ರುಮ್ಸಿ ಮದುವೆಯಾದ ಮೂರನೇ ತಿಂಗಳಿಗೇ ತೀರ್ಮಾನಿಸಿಬಿಟ್ಟಿದ್ದಳು. ಯಾರು ಏನು ಕೇಳಿದರೂ ‘ಆಯ್ತು’. ಏಣಿ ಕೇಳಿದರೆ ಆಯ್ತು. ಮನೆಯಲ್ಲಿ ಏಣಿಯೇ ಇಲ್ಲದಿದ್ದರೂ ಆಯ್ತು. ಕೇಳಿದವನು ಅತ್ತ ಹೋದ ಮೇಲೆ ಇವನು ಇನ್ನೊಬ್ಬರ ಮನೆಯಿಂದ ಏಣಿ ಕಡ ತರುವುದು, ಅದನ್ನು ಹೊತ್ತುಕೊಂಡು ಹೋಗಿ ಅವನಿಗೆ ಮುಟ್ಟಿಸುವುದು, ಆಮೇಲೆ ವಾಪಸು ಕೇಳಲಾಗದೆ ಒದ್ದಾಡುವುದು. ಪುಂಚಾಕ್ ಬೆಟ್ಟದ ನಮ್ಮ ಜನವೆಲ್ಲ ಹೆಚ್ಚುಕಡಿಮೆ ಹೀಗೆಯೇ. ಎದುರಿಗಿದ್ದವರ ಮುಖ ಬಾಡಿಸುವುದಕ್ಕಿಂತ ಒಂದು ಸುಳ್ಳು ಸಣ್ಣ ತಪ್ಪು ಎಂದು ಇಲ್ಲಿ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿತಿರುತ್ತವೆ. ಆದರೆ ಜುಹಾನ ಇಂಥ ಜನರ ನಡುವೆಯೂ ಒಂದು ಕೈ ಮೇಲು.

ರುಮ್ಸಿ ಮಾತ್ರ ಈ ಊರಿಗೆ ತಪ್ಪಿ ಬಂದವಳ ಹಾಗೆ. ಹುಡುಗಿಯಾಗಿದ್ದಾಗ ಚಹಾ ತೋಟದಲ್ಲಿ ಚಿಗುರು ಕೀಳುತ್ತಿದ್ದಳು. ಒಂದು ದಿನ ಚಿಗುರು ತೂಗುವ ಹೊತ್ತಿನಲ್ಲಿ, ಮೇಸ್ತ್ರಿಯ ಹೆಬ್ಬೆರಳು ತಕ್ಕಡಿಯ ಮೇಲೆ ಕೂತಿದೆ, ಅದನ್ನೂ ಬುಟ್ಟಿಗೆ ಹಾಕಿ ತೂಗಲಾ ಎಂದು ನೂರು ಹೆಂಗಸರ ಎದುರು ಕೇಳಿದಳಂತೆ. ಅಂದಿನಿಂದ ಓಣಿಯಲ್ಲಿ ಅವಳ ಹೆಸರು ಗಟ್ಟಿಯಾಯಿತು. ನಮ್ಮಲ್ಲಿ ಮರ್ಯಾದೆಗೆ ಗಂಡಸು ಮಾಂಗ್, ಹೆಂಗಸು ಬಿ. ನಿಜ ಕೇಳಬೇಕೆಂದರೆ ಬಿ ರುಮ್ಸಿಯನ್ನು ಕೇಳು, ಸಮಾಧಾನ ಬೇಕೆಂದರೆ ಬೇರೆ ಯಾರನ್ನಾದರೂ ಕೇಳು ಎನ್ನುತ್ತಿದ್ದರು. ಈ ಮಾತು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ, ಉಳಿದ ಹೆಂಗಸರು ಕೈಗೆ ಬಳೆ ಹಾಕಿಕೊಂಡಂತೆ ಇವಳು ಆ ಹೆಸರನ್ನು ಹಾಕಿಕೊಂಡು ಓಡಾಡುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಬು ಲ್ಯಾನಿಯವರ ವಿಲ್ಲಾ ನೋಡಿಕೊಂಡು, ಅದರ ಹಿಂದಿನ ಎರಡು ಕೋಣೆಯ ಮನೆಯಲ್ಲಿದ್ದರು. ಮಗಳನ್ನು ಮದುವೆ ಮಾಡಿ ಕಳಿಸಿದ್ದೂ ಅದೇ ಮನೆಯಿಂದ. ಬು ಎಂದರೆ ಅಮ್ಮಾವ್ರು; ಬು ಲ್ಯಾನಿ ಜಕಾರ್ತದಲ್ಲಿ ಬಟ್ಟೆ ವ್ಯಾಪಾರದವರು. ವರ್ಷಕ್ಕೆ ಆರೇಳು ಸಲ ಬಂದು ಎರಡು ದಿನ ತಣ್ಣಗೆ ಮಲಗಿ ಎದ್ದು ಹೋಗುತ್ತಿದ್ದರು. ಕೆಟ್ಟವರಲ್ಲ. ಮಗಳ ಮೊದಲ ಹೆರಿಗೆ ಕಷ್ಟವಾದಾಗ ತಮ್ಮ ಕಾರಿನಲ್ಲೇ ಅವಳನ್ನು ಚಿಯಾಂಜೂರಿನ ಆಸ್ಪತ್ರೆಗೆ ಮುಟ್ಟಿಸಿ, ಮಗು ಅಳುವ ತನಕ ಬೆಂಚಿನ ಮೇಲೆ ಕೂತಿದ್ದರು. ಅದನ್ನು ರುಮ್ಸಿ ಮರೆತಿರಲಿಲ್ಲ. ಆದರೂ ಬು ಹತ್ತಿರ ಮಾತೆಲ್ಲ ಜುಹಾನನದ್ದೇ. ಇವಳು ಶುಂಠಿ ಚಹಾ ತಂದಿಟ್ಟು, ಊಟಕ್ಕೆ ಏನು ಮಾಡಲಿ ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಹೇಳಬೇಕಾದ ನಿಜವನ್ನೆಲ್ಲ ಅಡುಗೆಮನೆಯಲ್ಲಿ ಗಂಡನಿಗೆ ಹೇಳುತ್ತಿದ್ದಳು.

ಕಳೆದ ವರ್ಷದಿಂದ ಒಂದು ಹೆದರಿಕೆ ಬೇರೆ ಸೇರಿಕೊಂಡಿತ್ತು. ಮೇಲಿನ ಎರಡು ವಿಲ್ಲಾಗಳನ್ನು ಒಂದು ಕಂಪನಿಗೆ ವಹಿಸಿದ್ದರು. ಸಮವಸ್ತ್ರದ ಹುಡುಗರು ಬಂದರು. ಹದಿನೈದು ವರ್ಷ ಅಲ್ಲಿದ್ದ ಕಾವಲಿನ ದಂಪತಿ ಹಾಸಿಗೆ ಸುತ್ತಿಕೊಂಡು ಮಗನ ಮನೆಯ ಜಗಲಿ ಸೇರಿದರು. ಬು ಲ್ಯಾನಿಯ ತಮ್ಮನೂ ಇದನ್ನೇ ಹೇಳುತ್ತಿದ್ದ: ವಯಸ್ಸಾದವರನ್ನು ಇಟ್ಟುಕೊಂಡು ಏನು ಮಾಡುತ್ತೀ ಅಕ್ಕ, ಕಂಪನಿಗೆ ಕೊಡು. ಒಂದು ದೊಡ್ಡ ಕೆಲಸ ಕೆಟ್ಟರೂ ತಮ್ಮ ಗಂಟುಮೂಟೆಯೂ ಗೇಟಿನಾಚೆ ಎಂದು ರುಮ್ಸಿಗೆ ಗೊತ್ತಿತ್ತು.

ಆ ದೊಡ್ಡ ಕೆಲಸ ಡಿಸೆಂಬರಿನ ಮೊದಲ ವಾರ ಫೋನಿನಲ್ಲಿ ಬಂತು. ಬು ಲ್ಯಾನಿಯ ಮಗಳ ನಿಶ್ಚಿತಾರ್ಥ ಜನವರಿಯ ಕೊನೆಯ ಭಾನುವಾರ, ವಿಲ್ಲಾದಲ್ಲೇ. ಗಂಡಿನ ಕಡೆಯವರು ಕೆಂಪು ತಟ್ಟೆಗಳಲ್ಲಿ ಉಡುಗೊರೆ ಹೊತ್ತು ಮೆಟ್ಟಿಲಿಳಿದು ಬರುವಾಗ ಸುತ್ತ ಹಸಿರು ಇರಬೇಕು. ಅದಕ್ಕೆ ಹಿಂಬದಿಯ ಇಳಿಜಾರಿನಲ್ಲಿರುವ ಸೀಮೆಬದನೆ ಚಪ್ಪರ, ಹಳೆಯ ಬೇಲಿಗಿಡ ಎಲ್ಲ ತೆಗೆದು ಮೂರು ಹಂತದ ಹುಲ್ಲುಹಾಸು ಮಾಡಬೇಕು, ನಡುವೆ ಕಲ್ಲಿನ ಹಾಸುದಾರಿ. ಜನವರಿಯೊಳಗೆ ಆಗುತ್ತದಲ್ಲವಾ ಎಂದು ಬು ಕೇಳಿದರು.

“ಆಯ್ತು ಬು,” ಎಂದ ಜುಹಾನ.

ರುಮ್ಸಿ ಎಲೆಕೋಸಿನ ಬಜ್ಜಿ ಕರಿಯುತ್ತಿದ್ದಳು. ಜಾಲರಿ ಸೌಟು ಕೈಯಲ್ಲೇ ನಿಂತಿತು. ಜನವರಿಯಲ್ಲಿ ಕಪ್ಪೆಗೂ ನೆಗಡಿಯಾಗುವ ಊರು ನಮ್ಮದು. ಬೆಳಿಗ್ಗೆ ಮಂಜು, ಹತ್ತಕ್ಕೆ ಜಿಟಿಜಿಟಿ, ಮಧ್ಯಾಹ್ನಕ್ಕೆ ಧೋ. ಬಟ್ಟೆ ಒಣಗಬೇಕಾದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕು. ಆ ತಿಂಗಳಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಇಳಿಜಾರಿನ ಮಣ್ಣಿಗೆ ಗುದ್ದಲಿ ಹಾಕುವುದಿಲ್ಲ.

“ಅಬಾ, ಆ ಮಣ್ಣನ್ನ ಹಿಡ್ಕೊಂಡಿರೋದೇ ಚಪ್ಪರದ ಬೇರು. ಅದನ್ನ ಕಿತ್ತರೆ ಗುಡ್ಡ ಎಲ್ಲಿಗೆ ಹೋಗುತ್ತೆ?”

“ಗೊತ್ತು ಅಂಬು,” ಎಂದ ಜುಹಾನ. ಮಗಳು ಹುಟ್ಟಿದಾಗಿನಿಂದ ಅವನಿಗೆ ಇವಳು ಅಂಬು, ಇವಳಿಗೆ ಅವನು ಅಬಾ; ಅಮ್ಮ, ಅಪ್ಪ ಎಂದರ್ಥ.

“ಗೊತ್ತಿದ್ದೂ ಆಯ್ತು ಅಂದ್ರಾ?”

“ಅವ್ರು ಅಷ್ಟು ಖುಷಿಯಾಗಿ ಕೇಳಿದ್ರು ಕಣೆ,” ಎಂದ ಜುಹಾನ, ಅದೇ ಒಂದು ಕಾರಣ ಎಂಬಂತೆ. ಆಮೇಲೆ ಬಿಸಿ ಬಜ್ಜಿಯೊಂದನ್ನು ತೆಗೆದುಕೊಂಡು ಊದತೊಡಗಿದ. ರುಮ್ಸಿ ತಟ್ಟೆಯನ್ನು ಅವನ ಕೈಗೆಟುಕದ ಹಾಗೆ ಸರಿಸಿಟ್ಟಳು.

ಹುಲ್ಲಿನ ಕೆಲಸಕ್ಕೆ ಬಂದವನು ಮಾಂಗ್ ಎಂಕೋಸ್, ಚಿಪಾನಸ್ ರಸ್ತೆ ಬದಿಯಲ್ಲಿ ಗಿಡ ಮಾರುವವನು. ಅವನು ಹಾಸುವ ಹುಲ್ಲಿನ ಹೆಸರು ಆನೆಹುಲ್ಲು. ಹೆಸರಿಗೆ ಆನೆ, ಎತ್ತರದಲ್ಲಿ ಇಲಿ. ಚೌಕ ಚೌಕವಾಗಿ ಮಣ್ಣು ಸಮೇತ ಎತ್ತಿ ತಂದು ಚಾಪೆಯ ಹಾಗೆ ಜೋಡಿಸುವುದು. ಎಷ್ಟು ದಿನ ಬೇಕು ಎಂದು ರುಮ್ಸಿ ಕೇಳಿದ್ದಕ್ಕೆ, ದೇವರಿಚ್ಛೆಯಿದ್ದರೆ ಹತ್ತು ದಿನ ಎಂದ. ಮಳೆ ಬಂದರೆ ಎಂದಳು. ಹುಲ್ಲಿಗೆ ಮಳೆ ಒಳ್ಳೆಯದೇ ಅಲ್ಲವಾ ಬಿ ಎಂದು ನಕ್ಕ. ಒಬ್ಬ ಸಾಲದು ಎಂದು ಇನ್ನೊಬ್ಬ ಬಂದ ಎಂದುಕೊಂಡು ರುಮ್ಸಿ ಕತ್ತಿ ಹಿಡಿದು ಚಪ್ಪರಕ್ಕೆ ಹೋದಳು. ಉಳಿದಿದ್ದ ಸೀಮೆಬದನೆಕಾಯಿಯನ್ನೆಲ್ಲ ಕೊಯ್ದು ತಂದು ಐದು ದಿನ ಅದನ್ನೇ ಪಲ್ಯ, ಅದನ್ನೇ ಸಾರು ಮಾಡಿ ಬಡಿಸಿದಳು. ಆರನೇ ದಿನ ಜುಹಾನ ಬೇರೆ ಏನಾದರೂ ಇದೆಯಾ ಎಂಬಂತೆ ಮುಚ್ಚಳ ಎತ್ತಿ ನೋಡಿದ. ಬಾಯಿ ಬಿಟ್ಟು ಮಾತ್ರ ಕೇಳಲಿಲ್ಲ.

ಚಪ್ಪರ ಬಿದ್ದ ಮಾರನೆಯ ದಿನ ಹಿಡಿದ ಮಳೆ ಬಿಡಲೇ ಇಲ್ಲ. ಎಂಕೋಸನೂ ಅವನ ನಾಲ್ಕು ಆಳುಗಳೂ ಎಂಟಕ್ಕೆ ಬಂದು ಕಾಫಿ ಕುಡಿಯುತ್ತಿದ್ದರು. ಒಂಬತ್ತಕ್ಕೆ ಗುದ್ದಲಿ ಹಿಡಿದರೆ ಹತ್ತೂವರೆಗೆ ಮಳೆ. ಕಾರು ನಿಲ್ಲಿಸುವ ಚಾವಣಿಯ ಕೆಳಗೆ ಕೂತು ಡಾಮಿನೋ ಆಡುತ್ತಿದ್ದರು. ಹನ್ನೆರಡಕ್ಕೆ ನಮಾಜು, ಆಮೇಲೆ ರುಮ್ಸಿ ಮಾಡಿದ ಅನ್ನ, ಉಪ್ಪುಮೀನು, ಸಂಬಾಲ್ ಎಂಬ ಖಾರದ ಚಟ್ನಿ. ಊಟವಾದ ಮೇಲೆ ಆಕಾಶ ನೋಡಿ, ಇವತ್ತು ಕಷ್ಟ ಎಂದು ನಾಲಿಗೆ ಲೊಚಗುಟ್ಟಿ, ಮತ್ತೆ ಡಾಮಿನೋ. ನೆಲದ ಮೇಲೆ ಹುಲ್ಲು ಬೀಳುವುದಕ್ಕಿಂತ ಜೋರಾಗಿ ಮೇಜಿನ ಮೇಲೆ ಬಿಲ್ಲೆ ಬೀಳುತ್ತಿದ್ದವು. ರುಮ್ಸಿ ಎಷ್ಟು ಬೈದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಮೂರು ವಾರಕ್ಕೆ ಎದ್ದದ್ದು ಹತ್ತು ಹೆಜ್ಜೆ ಅಗಲದ ಒಂದು ಹಸಿರು ತುಂಡು, ಅದರ ಸುತ್ತ ಕೆಸರು.

ಅಷ್ಟರಲ್ಲಿ ಬು ಲ್ಯಾನಿ ಫೋಟೋ ಕೇಳಿದರು. ಇಲ್ಲ ಎನ್ನಲಾಗದ ಮನುಷ್ಯ ಏನು ಮಾಡಬೇಕು? ಜುಹಾನ ಆ ಹತ್ತು ಹೆಜ್ಜೆಯ ಹುಲ್ಲಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾವನ್ನು ಹುಲ್ಲಿನ ಮಟ್ಟಕ್ಕೆ ಹಿಡಿದು ಒಂದು ಚಿತ್ರ ತೆಗೆದ. ಅದರಲ್ಲಿ ಹುಲ್ಲು ದಿಗಂತದ ತನಕ ಹಬ್ಬಿತ್ತು. ಹಿಂದೆ ಗೆಡೆ ಬೆಟ್ಟದ ನೀಲಿ. ಇದು ನಮ್ಮ ಹಿತ್ತಿಲಾ ಎಂದು ಸ್ವತಃ ರುಮ್ಸಿಯೇ ಎರಡು ಸಲ ನೋಡಿದಳು. ಬು ಲ್ಯಾನಿಗೆ ಸಂತೋಷ ತಡೆಯಲಾಗಲಿಲ್ಲ. ಮನೆಯೊಳಗೆ ಯಾಕೆ, ಎಲ್ಲ ಹುಲ್ಲಿನ ಮೇಲೆಯೇ ಮಾಡೋಣ ಎಂದರು. ಎಂಬತ್ತು ಕುರ್ಚಿ ಹಾಕಿಸೋಣ. ಆಯ್ತು ಬು. ಹೂವಿನ ಕಮಾನು ಕೆಳಗಿನ ಹಂತದಲ್ಲಿ ಇರಲಿ. ಆಯ್ತು ಬು.

“ನಿಮ್ಮ ಒಂದೊಂದು ಆಯ್ತಿಗೂ ಹತ್ತು ಹತ್ತು ಕುರ್ಚಿ ಹುಟ್ತಾ ಇವೆ,” ಎಂದಳು ರುಮ್ಸಿ. “ಇನ್ನೊಂದು ಸಲ ಮಾತಾಡಿ, ಆನೆ ತರಿಸ್ತಾರೆ. ಹುಲ್ಲಂತೂ ಅದರ ಹೆಸರಿಂದೇ ಇದೆಯಲ್ಲ.”

ಜುಹಾನ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮಳೆ ನಿಲ್ಲುತ್ತದೆ ಅಂಬು ಎಂದ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಇದೇ ಅತಿ ದೊಡ್ಡದು.

ಎಂಕೋಸನಿಗೂ ಕೊನೆಗೆ ಬಿಸಿ ತಟ್ಟಿತು. ನಿಶ್ಚಿತಾರ್ಥಕ್ಕೆ ಹದಿನೈದು ದಿನವಿರುವಾಗ ಇನ್ನೂ ಆರು ಜನರನ್ನು ಕರೆತಂದು, ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಮಳೆಯಲ್ಲೇ ಹಾಸಿಸಿದ. ನಾಲ್ಕು ದಿನಕ್ಕೆ ಮೂರು ಹಂತವೂ ಹಸಿರಾದವು. ಐದನೆಯ ದಿನ ಬೆಳಿಗ್ಗೆ ಬಾಗಿಲು ತೆರೆದ ರುಮ್ಸಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಮಲಗಿದವರ ಮೈಮೇಲಿನ ಕಂಬಳಿಯನ್ನು ಕಾಲಿನ ಕಡೆಯಿಂದ ಎಳೆದ ಹಾಗೆ ಕೆಳಗಿನ ಹಂತ ಪೂರ್ತಿ ಜಾರಿ ಹೋಗಿತ್ತು. ಹುಲ್ಲು, ಹಾಸುಕಲ್ಲು, ಮಣ್ಣು ಎಲ್ಲ ಸೇರಿ ಕೆಳಗಿನ ಮನೆಯ ಹಾಜಿ ಸೊಬಾನಾ ಅವರ ಮೀನಿನ ಕೊಳದಲ್ಲಿ ಕೂತಿದ್ದವು. ಗೆಂಡೆಮೀನುಗಳು ಅಂಚಿಗೆ ಬಂದು ಆನೆಹುಲ್ಲು ಮೇಯುತ್ತಿದ್ದವು.

ಹಾಜಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕೊಡೆ ಹಿಡಿದು ನಿಂತು, ಪರವಾಗಿಲ್ಲ, ಮೀನಿಗೆ ಹಸಿಮೇವು ಬಂತಲ್ಲ ಎಂದರು. ಮುಖ ಮಾತ್ರ ಹುಳಿ ಹುಣಸೆ. ಜುಹಾನ ತಲೆ ತಗ್ಗಿಸಿ, ಇವತ್ತೇ ತೆಗೆಸುತ್ತೇವೆ ಎಂದ. ತೆಗೆಯಲು ಮೂರು ದಿನ ಬೇಕೆಂದು ಅವನಿಗೂ ಗೊತ್ತು, ಹಾಜಿಗೂ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸಿದರು. ಈ ಮರ್ಯಾದೆಯ ರಾಶಿಯನ್ನು ನೋಡಿ ರುಮ್ಸಿಗೆ ತಾನೇ ಕೊಳಕ್ಕೆ ಹಾರಬೇಕೆನಿಸಿತು.

ಹಾರಲಿಲ್ಲ, ಮಾರುಕಟ್ಟೆಗೆ ಹೋದಳು. ಇಳಿಜಾರಿನ ಹುಲ್ಲಿಗೆ ಬಿದಿರಿನ ಗೂಟ ಹೊಡೆದು ನಿಲ್ಲಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಅದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ ಎಂಕೋಸ್, ಬೇಗ ಮುಗಿಸಿ ಎಂದು ಮಾಂಗ್ ಜುಹಾನ ಕೇಳಿದರು, ಆಯ್ತು ಅಂದೆ ಎಂದಿದ್ದ. ಈಗ ಬಿದಿರು ಸೀಳುತ್ತ ಕೂರಲು ಸಮಯವಿಲ್ಲ. ರುಮ್ಸಿ ಚಿಪಾನಸ್ ಮಾರುಕಟ್ಟೆಯಲ್ಲಿ ಮಾಂಸ ಚುಚ್ಚಿ ಸುಡುವ ಸಾತೇ ಕಡ್ಡಿಗಳನ್ನು ಒಂದು ಅಂಗಡಿಯನ್ನೂ ಬಿಡದೆ ಬಾಚಿದಳು. ಸಿಕ್ಕಿದ್ದು ನಾಲ್ಕು ಸಾವಿರ. ಎಷ್ಟು ಆಡು ಕಡಿಯುತ್ತೀರಿ ಬಿ ಎಂದು ಅಂಗಡಿಯವಳು ಬೆರಗಾದಳು. ಒಂದೇ, ಮನೆಯಲ್ಲಿದೆ, ಎಲ್ಲದಕ್ಕೂ ತಲೆ ಆಡಿಸುತ್ತದೆ ಎಂದಳು ರುಮ್ಸಿ.

ಅಂದಿನಿಂದ ಎಲ್ಲರೂ ಮೊಣಕಾಲೂರಿ ಕಡ್ಡಿ ಚುಚ್ಚಿದರು. ಒಂದೊಂದು ಚೌಕಕ್ಕೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಕೆಸರು ಮೊಣಕೈ ತನಕ, ಬೆನ್ನ ಮೇಲೆ ಮಳೆ, ಕತ್ತಿನೊಳಗೆ ಮಳೆ. ಎಂಕೋಸ್ ಒಂದು ಕಡ್ಡಿಗೆ ಕೆಂಪು ಮೆಣಸಿನಕಾಯಿಯನ್ನೂ ಸಣ್ಣ ಈರುಳ್ಳಿಯನ್ನೂ ಚುಚ್ಚಿ ಮೂಲೆಯಲ್ಲಿ ತಲೆಕೆಳಗಾಗಿ ನೆಟ್ಟ. ಇದರಿಂದ ಮೋಡ ಬೇರೆ ಕಡೆ ಹೋಗುತ್ತದಂತೆ. ಒಂದು ಗಂಟೆಯೊಳಗೆ ಸಿಡಿಲು ಸಹಿತ ಮಳೆ ಬಂತು. ಮೆಣಸಿನಕಾಯಿ ನನ್ನ ಅಡುಗೆಮನೆಯದು, ತೊಯ್ದಿದ್ದೂ ನಾನೇ ಎಂದು ರುಮ್ಸಿ ಆ ಕಡ್ಡಿಯನ್ನು ಕಿತ್ತು, ಮೆಣಸಿನಕಾಯಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡ್ಡಿಯನ್ನು ಹುಲ್ಲಿಗೆ ಚುಚ್ಚಿದಳು.

ಮೇಲಿನ ಎರಡು ಹಂತ ನಿಂತವು. ಕೆಳಗಿನದು ಮಾತ್ರ ಕೆಸರಿನ ಗಾಯದ ಹಾಗೆ ತೆರೆದೇ ಇತ್ತು. ಅಲ್ಲಿಗೆ ಹುಲ್ಲಿಲ್ಲ, ಹುಲ್ಲು ತಂದರೂ ಹಿಡಿಯಲು ಮಣ್ಣಿಲ್ಲ. ಎಂಬತ್ತು ಕುರ್ಚಿ ಬರಬೇಕಾಗಿದ್ದದ್ದೂ, ಹೂವಿನ ಕಮಾನು ನಿಲ್ಲಬೇಕಾಗಿದ್ದದ್ದೂ ಅಲ್ಲೇ.

ಆ ಸೋಮವಾರ ಬು ಲ್ಯಾನಿ ಫೋನ್ ಮಾಡಿ ಹೇಗಿದೆ ಎಂದರು. ಬೇರು ಹಿಡೀತಾ ಇದೆ ಬು ಎಂದ ಜುಹಾನ, ಹಲ್ಲು ಕಟಕಟ ಎನ್ನುತ್ತಿರುವಾಗಲೇ. ಅವನಿಗೆ ಆಗಲೇ ಜ್ವರ ಏರುತ್ತಿತ್ತು. ಬುಧವಾರದ ಹೊತ್ತಿಗೆ ಹಾಸಿಗೆ ಹಿಡಿದ.

ರುಮ್ಸಿ ಅವನ ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದಿಂದ ಕೆಂಪಾಗುವಷ್ಟು ತಿಕ್ಕಿದಳು, ಶೀತ ಹೊರಬರಲಿ ಎಂದು. ತಿಕ್ಕುತ್ತ ಇಪ್ಪತ್ತೆರಡು ವರ್ಷದ್ದನ್ನೆಲ್ಲ ಹೇಳಿದಳು. ಒಂದೇ ಒಂದು ಸಲ ಆ ಮಾತು ಹೇಳಿದ್ದರೆ ಇಷ್ಟೆಲ್ಲ ಇರುತ್ತಿತ್ತಾ? ಬು ಏನು ಹುಲಿಯಾ? ಡಿಸೆಂಬರಿನಲ್ಲೇ ಹೇಳಿದ್ದರೆ ಜಕಾರ್ತದಲ್ಲೇ ಯಾವುದೋ ಹೋಟೆಲು ನೋಡಿಕೊಳ್ಳುತ್ತಿದ್ದರು. ಈಗ ಭಾನುವಾರ ಬೀಗರ ಎದುರು ಅವರ ಮಾನ ಹೋಗುತ್ತದೆ, ಸೋಮವಾರ ನಮ್ಮ ಮನೆ ಹೋಗುತ್ತದೆ.

“ಮಗಳ ಮನೆಯ ಮೂಲೇಲಿ ಚಾಪೆ ಹಾಸ್ಕೊಂಡು ಕೂತಾಗ ಅಳಿಯನಿಗೂ ಆಯ್ತು ಆಯ್ತು ಅಂತಿರಿ,” ಎಂದಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಜುಹಾನ ದಿಂಬಿನೊಳಗೇ, “ನಂಗೆ ಬರಲ್ಲ ಅಂಬು,” ಎಂದ. “ಆ ಮಾತು ಇಲ್ಲಿ ತನಕ ಬರುತ್ತೆ. ಅಷ್ಟರಲ್ಲಿ ಎದುರಿಗಿರೋರ ಮುಖ ಕಾಣುತ್ತೆ.”

“ಹಾಗಿದ್ರೆ ನಾನು ಹೇಳ್ತೀನಿ. ಇನ್ನು ಫೋನ್ ಬಂದ್ರೆ ನನ್ನ ಕೈಗೆ ಕೊಡಿ.”

ಅವಳು ಮೂರು ಮಾತು ಸಿದ್ಧ ಮಾಡಿಕೊಂಡಳು. ಬು, ಭಾನುವಾರಕ್ಕೆ ಆಗಲ್ಲ. ಕೆಳಗಿನ ಹಂತ ಜಾರಿ ಹೋಗಿದೆ. ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು. ಪಾತ್ರೆ ತೊಳೆಯುವಾಗ ಹೇಳಿಕೊಂಡಳು, ಕೋಳಿಗಳಿಗೆ ನುಚ್ಚು ಹಾಕುವಾಗ ಕೋಳಿಗಳಿಗೆ ಹೇಳಿದಳು. ಮಾತು ಸಲೀಸಾಗಿ ಬರುತ್ತಿತ್ತು. ಇಷ್ಟಕ್ಕೆ ಈ ಮನುಷ್ಯ ಇಪ್ಪತ್ತೆರಡು ವರ್ಷ ತಿಣುಕಿದನಲ್ಲ ಎಂದು ನಗು ಬಂತು.

ಫೋನ್ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಕಾರೇ ಬಂತು. ವಾರದ ಕೊನೆಗೆ ಬೆಟ್ಟದ ರಸ್ತೆಯಲ್ಲಿ ಗಾಡಿಗಳನ್ನು ಒಂದೊಂದೇ ದಿಕ್ಕಿಗೆ ಬಿಡುತ್ತಾರಲ್ಲ, ಆ ಗೋಜು ಬೇಡವೆಂದು ಬು ಲ್ಯಾನಿ ಎರಡು ದಿನ ಮೊದಲೇ ಹೊರಟು ಬಂದಿದ್ದರು. ಗಂಡಸರೆಲ್ಲ ಶುಕ್ರವಾರದ ನಮಾಜಿಗೆ ಹೋಗಿದ್ದರು; ಇದ್ದವರು ರುಮ್ಸಿ ಮತ್ತು ಜ್ವರದ ಜುಹಾನ. ಬು ನೇರವಾಗಿ ಹಿಂದಿನ ಜಗಲಿಗೆ ನಡೆದರು. ರುಮ್ಸಿ ಕೊಡೆ ಹಿಡಿದು ಹಿಂದೆ ಓಡಿದಳು.

ಬು ಲ್ಯಾನಿ ಜಗಲಿಯ ಅಂಚಿನಲ್ಲಿ ನಿಂತರು. ಮೇಲಿನ ಎರಡು ಹಂತ ನೋಡಿದರು. ಹುಲ್ಲಿನ ತುಂಬ ಚುಚ್ಚಿದ್ದ ಕಡ್ಡಿಗಳನ್ನು ನೋಡಿದರು. ಆಮೇಲೆ ಕೆಳಗೆ ನೋಡಿದರು. ಕಾರಿನಿಂದಿಳಿದು ಬಂದ ಅವರ ಬಿಳಿ ಚಪ್ಪಲಿ ಆಗಲೇ ಕೆಸರಾಗಿತ್ತು. ವಯಸ್ಸು ಅವರಿಗೂ ಆಗಿತ್ತು; ಕಣ್ಣ ಕೆಳಗೆ ಕಪ್ಪು, ಮಗಳ ನಿಶ್ಚಿತಾರ್ಥದ ಓಡಾಟದಲ್ಲಿ ಮುಖ ಸೊರಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮುಖವೂ ಇದೇ ಎಂದು ರುಮ್ಸಿಗೆ ನೆನಪಾಯಿತು. ನೆನಪಾಗಬಾರದಿತ್ತು.

“ಬಿ,” ಎಂದರು ಬು ಲ್ಯಾನಿ, ಮೆಲ್ಲಗೆ. “ನೀವು ಇದ್ದದ್ದು ಇದ್ದ ಹಾಗೆ ಹೇಳೋರು ಅಂತ ಎಲ್ಲರೂ ಅಂತಾರೆ. ಹೇಳಿ. ಭಾನುವಾರಕ್ಕೆ ಆಗುತ್ತಲ್ವಾ?”

ಮೂರು ಮಾತೂ ಬಾಯಿಯ ತನಕ ಬಂದವು. ಕೋಳಿಗಳಿಗೆ ಹೇಳಿದ್ದ ಅದೇ ಮೂರು ಮಾತು. ರುಮ್ಸಿ ಬಾಯಿ ತೆರೆದಳು.

“ಆಯ್ತು ಬು,” ಎಂದಳು.

ಹೇಳಿದ ಮರುಕ್ಷಣ ತನ್ನ ಕಿವಿಯನ್ನೇ ನಂಬಲಿಲ್ಲ. ತಕ್ಕಡಿಯ ಮೇಲಿನ ಹೆಬ್ಬೆರಳನ್ನು ತೋರಿಸಿದ ಹೆಣ್ಣು ಎಲ್ಲಿ ಸತ್ತಿದ್ದಳು? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುವುದು ತನ್ನಂಥವರನ್ನು ನೋಡಿಯೇ. ಬು ಲ್ಯಾನಿಯ ಮುಖ ಒಂದಿಷ್ಟು ಅರಳಿತ್ತು ಬೇರೆ. ಈಗ ಹೇಗೆ ವಾಪಸು ತೆಗೆದುಕೊಳ್ಳುವುದು?

ಆಗ ಹಿಂದಿನ ಮನೆಯ ಬಾಗಿಲು ಕಿರುಗುಟ್ಟಿತು. ಕತ್ತಿನ ತನಕ ಸರೋಂಗ್ ಸುತ್ತಿಕೊಂಡು, ಬೆನ್ನಿನ ಕೆಂಪು ಗೆರೆಗಳ ಮೇಲೆ ಹಳೆಯ ಅಂಗಿ ಎಳೆದುಕೊಂಡು ಜುಹಾನ ಮಳೆಯಲ್ಲೇ ಅಂಗಳ ದಾಟಿ ಬಂದ. ಜಗಲಿಯ ಕಂಬ ಹಿಡಿದು ನಿಂತು ಉಸಿರು ತೆಗೆದುಕೊಂಡ.

“ಆಗಲ್ಲ ಬು,” ಎಂದ.

ಚಾವಣಿಯ ಅಂಚಿನಿಂದ ನೀರು ಸುರಿಯುತ್ತಿತ್ತು. ತಿಂಗಳುಗಟ್ಟಲೆ ಈ ಒಂದು ಮಾತಿಗಾಗಿ ಹೋರಾಡಿದ್ದ ರುಮ್ಸಿಗೆ ಈಗ ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಬೇಕೆನಿಸಿತು. ಹೇಳಬೇಕಾದಾಗ ಹೇಳಲಿಲ್ಲ, ಹೇಳಿದರೆ ನೋಡಿ, ಹೆಂಡತಿ ಆಯ್ತು ಎಂದ ಬೆನ್ನಿಗೇ.

ಬು ಲ್ಯಾನಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಎರಡು ತಿಂಗಳಿನಿಂದ ಆಯ್ತು ಆಯ್ತು ಎಂದು ತನ್ನನ್ನು ಏನೆಂದುಕೊಂಡಿದ್ದೀರಿ ಎಂದು ಕೇಳಿದರು. ಬೀಗರಿಗೆ ಹುಲ್ಲಿನ ಫೋಟೋ ಕಳಿಸಿ ಆಗಿದೆ, ಕುರ್ಚಿಯವರು ನಾಳೆ ಬರುತ್ತಾರೆ ಎಂದರು. ತಮ್ಮ ಹೇಳಿದ್ದು ಸರಿ, ಈಗಲೂ ಆ ಕಂಪನಿಯವರಿಗೆ ಫೋನ್ ಮಾಡಿದರೆ ಎರಡೇ ದಿನದಲ್ಲಿ ಕೆಳಗಿನ ಹಂತ ಮುಗಿಸಿಕೊಡುತ್ತಾರೆ ಎಂದರು. ಕೈಗೆ ಫೋನೂ ಬಂದಿತ್ತು.

“ಅವ್ರಿಗೂ ಆಗಲ್ಲ ಬು,” ಎಂದ ಜುಹಾನ. ಜ್ವರಕ್ಕೆ ಅವನ ಕಣ್ಣು ಕೆಂಪಾಗಿತ್ತು, ಧ್ವನಿ ಮಾತ್ರ ಸಮಾಧಾನವಾಗಿತ್ತು. “ಬೇರು ಹಿಡಿಯೋಕೆ ಆರು ವಾರ ಬೇಕು. ಈಗ ಅಲ್ಲಿ ಎಂಬತ್ತು ಕುರ್ಚಿ ಇಟ್ರೆ ಬೀಗರು ಕುರ್ಚಿ ಸಮೇತ ಹಾಜಿ ಕೊಳಕ್ಕೆ ಹೋಗ್ತಾರೆ. ಚಪ್ಪರ ಕೀಳಬಾರದಿತ್ತು. ನಂಗೆ ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ. ತಪ್ಪು ನಂದು, ಇವಳದ್ದಲ್ಲ.”

ಬು ಲ್ಯಾನಿ ಬೆತ್ತದ ಕುರ್ಚಿಯಲ್ಲಿ ಕೂತರು. ಕೊಳದ ಕಡೆ ನೋಡಿದರು. ಅಂಚಿನಲ್ಲಿ ಇನ್ನೂ ಒಂದು ಹಾಸುಕಲ್ಲು ತಲೆ ಎತ್ತಿಕೊಂಡಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡರು. ಮುಂದೆ ಕೇಳಿದ ಪ್ರಶ್ನೆಯನ್ನು ಅವರು ರುಮ್ಸಿಗೆ ಕೇಳಲಿಲ್ಲ, ಜುಹಾನನಿಗೆ ಕೇಳಿದರು.

“ಹಾಗಿದ್ರೆ ಕುರ್ಚಿ ಎಲ್ಲಿ ಹಾಕೋದು ಮಾಂಗ್?”

ಕುರ್ಚಿಗಳು ಮುಂದಿನ ಅಂಗಳದಲ್ಲಿ, ಕಾರಿನ ಚಾವಣಿಗೆ ಸೇರಿಸಿ ಕಟ್ಟಿದ ಟಾರ್ಪಾಲಿನ ಕೆಳಗೆ ಬಿದ್ದವು. ಕೆಳಗಿನ ಹಂತ ಕಾಣದ ಹಾಗೆ ಎಂಕೋಸ್ ತನ್ನ ಅಂಗಡಿಯ ಕುಂಡಗಳನ್ನೆಲ್ಲ ತಂದು ಸಾಲಾಗಿ ಇಟ್ಟ. ಭಾನುವಾರ ಹತ್ತು ಗಂಟೆಗೆ ಮಳೆ ಅರ್ಧ ಗಂಟೆ ಬಿಟ್ಟಿತು. ಕೆಂಪು ತಟ್ಟೆಗಳು ಒಳಗೆ ಬಂದವು. ಬೀಗರು ಹಿಂದಿನ ಜಗಲಿಯಲ್ಲಿ ನಿಂತು ಮೇಲಿನ ಎರಡು ಹಂತದ ಹಸಿರು ನೋಡಿ ತಲೆದೂಗಿದರು. ಹುಲ್ಲಿನ ಸುತ್ತ ಒಂದು ಹಗ್ಗ. ಹಗ್ಗದ ಬಳಿ ಜ್ವರ ಬಿಟ್ಟು ಎದ್ದ ಜುಹಾನ, ಕೊಡೆ ಹಿಡಿದು, ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು.

ಆ ದಿನ ಅವನನ್ನು ನೋಡಬೇಕಿತ್ತು. ಐವತ್ತು ವರ್ಷ ಸಿಗದಿದ್ದ ಮಾತು ಒಮ್ಮೆಗೇ ಸಿಕ್ಕಿದೆ, ಸುಮ್ಮನಿರುತ್ತಾನೆಯೇ? ಹುಡುಗನ ದೊಡ್ಡಮ್ಮ ಹುಲ್ಲಿನ ಮೇಲೆ ನಿಂತು ಒಂದು ಫೋಟೋ ಎಂದರು. ಆಗಲ್ಲ ಬು. ಕ್ಯಾಮೆರಾದವನು ಎರಡೇ ಹೆಜ್ಜೆ ಎಂದ. ಆಗಲ್ಲ. ಬು ಲ್ಯಾನಿಯ ತಮ್ಮ, ಕಂಪನಿಯ ಮಾತೆತ್ತಿದವನೇ, ಸಿಗರೇಟು ಹಿಡಿದು ಹಗ್ಗ ಎತ್ತಿದ. ಆಗಲ್ಲ ಸರ್, ಎಂದು ಜುಹಾನ ಹಗ್ಗವನ್ನು ಅವನ ಕೈಯಿಂದ ನಯವಾಗಿ ಬಿಡಿಸಿ ಕೆಳಗಿಟ್ಟ. ಪ್ರತಿಯೊಂದು ಸಲವೂ ಹೇಳಿ ಮುಗಿಸಿ, ಮಿಠಾಯಿ ಚೀಪುವವನ ಹಾಗೆ ಒಂದು ಕ್ಷಣ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ರುಮ್ಸಿ, ಇದನ್ನು ಡಿಸೆಂಬರಿನಲ್ಲಿ ಮಾಡಿದ್ದರೆ ನನ್ನ ಸೀಮೆಬದನೆ ಉಳಿಯುತ್ತಿತ್ತು ಎಂದು ಪಾತ್ರೆಗಳಿಗೆ ಕೇಳಿಸುವ ಹಾಗೆ ಹೇಳಿದಳು.

ಕಂಪನಿಯವರು ಬರಲಿಲ್ಲ. ಆ ಮಾತೇ ಮತ್ತೆ ಏಳಲಿಲ್ಲ.

ಓಣಿಯಲ್ಲಿ ಕತೆ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ, ಜುಹಾನನಿಂದ ಕೇಳಿಸಿಕೊಂಡ ಎಂಕೋಸನ ಕೃಪೆ. ನೀರು ಹಿಡಿಯಲು ಹೋದರೆ ಹೆಂಗಸರು, ಬಿ, ಈ ಕೊಡ ನಮ್ಮ ಮನೆಗೆ ಮುಟ್ಟಿಸುತ್ತೀರಾ, ಆಯ್ತಾ, ಎಂದು ಕೇಳಿ ಒಬ್ಬರ ಬೆನ್ನ ಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ರುಮ್ಸಿಗೆ ಮೈ ಉರಿಯುತ್ತಿತ್ತು. ಒಂದು ಜನ್ಮವಿಡೀ ಗಳಿಸಿದ ಹೆಸರು ಒಂದು ಮಾತಿಗೆ ಹಾಜಿಯ ಕೊಳ ಸೇರಿತ್ತು.

ಫೆಬ್ರವರಿಯ ಕೊನೆಯಲ್ಲಿ ಮಳೆ ತಗ್ಗಿತು. ಕೆಳಗಿನ ಹಂತದಲ್ಲಿ ರುಮ್ಸಿ ಯಾರನ್ನೂ ಕೇಳದೆ ನಾಲ್ಕು ಮೊಳಕೆಯೊಡೆದ ಸೀಮೆಬದನೆಕಾಯಿ ನೆಟ್ಟಳು. ಮಣ್ಣು ತುಳಿದು ಗಟ್ಟಿ ಮಾಡುತ್ತಿರುವಾಗ ಸೊಂಟದಲ್ಲಿದ್ದ ಫೋನ್ ಹೊಡೆದುಕೊಂಡಿತು. ಬು ಲ್ಯಾನಿ. ರುಮ್ಸಿ ಕೈ ಒರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಈ ಸಲ ಏನು ಕೇಳಿದರೂ ನಿಜವನ್ನೇ ಹೇಳುವುದು ಎಂದು ಗಟ್ಟಿ ಮಾಡಿಕೊಂಡಳು.

“ಬಿ, ಮುಂದಿನ ತಿಂಗಳು ಒಂದು ಕೆಲಸ ಇತ್ತು,” ಎಂದರು ಬು ಲ್ಯಾನಿ. “ಮಾಂಗ್ ಕೈಗೆ ಕೊಡಿ. ನಿಮ್ಮನ್ನ ಕೇಳಿದ್ರೆ ಸುಮ್ನೆ ಆಯ್ತು ಅಂತೀರ.”

“ಆಯ್ತು ಬು,” ಎಂದಳು ರುಮ್ಸಿ, ಮತ್ತು ಫೋನನ್ನು ಗಂಡನ ಕೈಗೆ ಕೊಟ್ಟಳು.